ಗಂಟು ಬಿಚ್ಚದ ಹೊತ್ತಿಗೆಗಳು: ರೋಣ, ನರಗುಂದ, ಗಜೇಂದ್ರಗಡದ ದಾಖಲೆಗಳ ಸಮೀಕ್ಷೆ

ನರಗುಂದ ತಾಲ್ಲೂಕಿನ ಕೊಣ್ಣೂರಿನ ಶಿಲಾಶಾಸನವೊಂದು ತಾನು ಹುಟ್ಟಿದ ಕಥೆಯನ್ನು ತಾನೇ ಹೇಳುತ್ತದೆ. ಶಕ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ತನ್ನ ದಂಡನಾಯಕ ಬಂಕೆಯನ ಕೋರಿಕೆಯಂತೆ ಕೊಳನೂರಿನ ಬಸದಿಗೆ ತಲೆಯೂರೆಂಬ ಊರನ್ನು ದತ್ತಿ ಬಿಟ್ಟ. ಆ ಕೊಳನೂರೇ ಇಂದಿನ ಕೊಣ್ಣೂರು. ಆದರೆ ಕಲ್ಲಿನ ಮೇಲಿರುವ ಅಕ್ಷರ ಅಮೋಘವರ್ಷನ ಕಾಲದ್ದಲ್ಲ. ಕೊಳನೂರಿನ ಪ್ರಭು ಹುಳಿಯಮರಸ ಕೇಳಿಕೊಂಡಾಗ, ವೀರನಂದಿಯೆಂಬ ಜೈನ ಮುನಿ ಹಳೆಯ ತಾಮ್ರಶಾಸನವನ್ನು ನೋಡಿ ಅದನ್ನು ಕಲ್ಲಿಗೆ ಇಳಿಸಿದನೆಂದು ಶಾಸನದ ಕೊನೆಯ ಭಾಗ ತಿಳಿಸುತ್ತದೆ. ವೀರನಂದಿ 12ನೇ ಶತಮಾನದವನು. ಸುಮಾರು 300 ವರ್ಷ ಹಳೆಯದಾದ ತಾಮ್ರಪಟವನ್ನು ಯಾರೋ ಹೊರತೆಗೆದರು, ಓದಬಲ್ಲವರನ್ನು ಕರೆದರು, ಬಾಳುವ ವಸ್ತುವಿನ ಮೇಲೆ ಪ್ರತಿ ಮಾಡಿಸಿದರು. ತಾಮ್ರಪಟ ಹೋಯಿತು, ಕಲ್ಲು ಉಳಿಯಿತು. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ಪ್ರಕಟಿಸಿದರು. ಮೂಲವಲ್ಲದ ಪ್ರತಿಯಾದ್ದರಿಂದ ವಿದ್ವಾಂಸರು ಅದರ ಮಾತನ್ನು ಸಂಶಯದಿಂದ ತೂಗಿ ನೋಡಿದ್ದಾರೆ. ಆದರೂ ಆ ಪ್ರತಿಯಿಲ್ಲದಿದ್ದರೆ ತೂಗಿ ನೋಡಲಿಕ್ಕೂ ಏನೂ ಇರುತ್ತಿರಲಿಲ್ಲ.

ಈ ಸೀಮೆಯ ಇತಿಹಾಸದ ಬಹುಭಾಗ ಇಂದಿಗೂ ಅಂಥ ವೀರನಂದಿಯ ದಾರಿ ಕಾಯುತ್ತಿದೆ. ರೋಣ, ನರಗುಂದ, ಗಜೇಂದ್ರಗಡ ಎಂದರೆ ಗುಡಿ, ಕೋಟೆ, ಬಂಡಾಯ ಎಂದು ಬರೆದು ಮುಗಿಸುವುದು ರೂಢಿ. ಈ ಮೂರಕ್ಕೂ ಸಂಬಂಧಿಸಿದ ಕಾಗದ, ಓಲೆಗರಿ, ಅಚ್ಚಾದ ಹಳೆಯ ಪುಸ್ತಕಗಳು ಎಲ್ಲೆಲ್ಲಿ ಇವೆ, ಯಾಕೆ ಕಣ್ಣಿಗೆ ಬೀಳುತ್ತಿಲ್ಲ ಎಂಬ ಪ್ರಶ್ನೆಯನ್ನು ಒಟ್ಟಾಗಿ ಕೇಳಿಕೊಂಡದ್ದು ಕಡಿಮೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಸುಟ್ಟು ಹೋದದ್ದಕ್ಕಿಂತ, ಗೆದ್ದಲು ತಿಂದದ್ದಕ್ಕಿಂತ, ಬೇರೆ ಊರಿನಲ್ಲಿ, ಬೇರೆ ಲಿಪಿಯಲ್ಲಿ, ಬೇರೆ ಹೆಸರಿನಡಿ ಕೂತದ್ದೇ ಹೆಚ್ಚು. ಹುಡುಕುವ ಕೆಲಸದ ಮುಕ್ಕಾಲು ಪಾಲು ಓದುವ ಮತ್ತು ಪಟ್ಟಿ ಮಾಡುವ ಕೆಲಸ.

ಬೇರೆ ಊರು ಎಂದೆ. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮುಂಚೆ ಈ ಊರುಗಳೆಲ್ಲ ಧಾರವಾಡ ಜಿಲ್ಲೆಯವು. 1956ಕ್ಕೆ ಹಿಂದೆ ಹೋದರೆ ಮುಂಬಯಿ ಆಡಳಿತ. ಬ್ರಿಟಿಷರ ಕಾಲದಲ್ಲಿ ನರಗುಂದ ನವಲಗುಂದ ತಾಲ್ಲೂಕಿನ ಒಂದು ಪೇಟಾ, ಅಂದರೆ ಉಪವಿಭಾಗ, ಆಗಿತ್ತು. ಗಜೇಂದ್ರಗಡ ಮೊನ್ನೆ ಮೊನ್ನೆಯವರೆಗೂ ರೋಣ ತಾಲ್ಲೂಕಿನದೇ. ಆದ್ದರಿಂದ ‘ಗದಗ’ ಎಂದು ಕೇಳಿದರೆ ಯಾವ ಹಳೆಯ ಸೂಚಿಯೂ ಉತ್ತರ ಕೊಡುವುದಿಲ್ಲ. ಮುಂಬಯಿ ಮತ್ತು ಪುಣೆಯ ಪತ್ರಾಗಾರಗಳಲ್ಲಿ, ಧಾರವಾಡದ ಹೆಸರಿನ ಕಡತಗಳಲ್ಲಿ ಹುಡುಕಬೇಕು. 1884ರಲ್ಲಿ ಬಂದ ಮುಂಬಯಿ ಗೆಜೆಟಿಯರಿನ 22ನೇ ಸಂಪುಟ, ಅಂದರೆ ಧಾರವಾಡ ಸಂಪುಟ, ಈ ಹುಡುಕಾಟಕ್ಕೆ ಇವತ್ತಿಗೂ ಒಳ್ಳೆಯ ಬಾಗಿಲು. ಅಡಿಟಿಪ್ಪಣಿಗಳನ್ನು ಹಾರಿಸದೆ ಓದಿದರೆ ಯಾವ ಕಾಗದ ಯಾವ ಕಚೇರಿಯಲ್ಲಿತ್ತು ಎಂಬುದರ ಜಾಡು ಸಿಗುತ್ತದೆ.

ಹೆಸರಿನ ತೊಡಕೂ ಸಣ್ಣದಲ್ಲ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ನರಗುಂದ ಒಮ್ಮೆ ನೂರ್‌ಗೂಂಡ್, ಒಮ್ಮೆ ನೆರ್ಗುಂಡ್. ಗಜೇಂದ್ರಗಡವಂತೂ ಗುಜುಂದರ್‌ಘರ್ ಆಗಿ ಗುರುತೇ ಸಿಗದಂತೆ ಕೂತಿರುತ್ತದೆ. ಇಂದಿನ ಕಾಗುಣಿತವನ್ನಷ್ಟೇ ಕಂಪ್ಯೂಟರಿಗೆ ಕೊಟ್ಟು, ಏನೂ ಸಿಗಲಿಲ್ಲವೆಂದು ಎದ್ದು ಬರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಮೊದಲು ಕೊಡಬೇಕಾದ್ದು ಇಂಥ ಹೆಸರುಗಳ ಒಂದು ಪುಟದ ಪಟ್ಟಿ.

1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ದೇಸಾಯಿ ವೆಂಕಟರಾವ್ ಭಾವೆ, ಅವರ ಕಾರಭಾರಿ ಕಾಳೋಪಂತ ಸೆರೆಯಾದರು. ಆ ಜಗಳವೇ ಬೆಳೆದು ಮರಾಠರು ಮತ್ತು ನಿಜಾಮ ಒಂದು ಕಡೆ, ಟಿಪ್ಪು ಇನ್ನೊಂದು ಕಡೆ ನಿಂತ ಯುದ್ಧವಾಗಿ, 1787ರಲ್ಲಿ ಗಜೇಂದ್ರಗಡದ ಒಪ್ಪಂದದೊಂದಿಗೆ ಮುಗಿಯಿತು. ಪಠ್ಯಪುಸ್ತಕದಲ್ಲಿ ಇದು ನಾಲ್ಕು ಸಾಲು. ಆದರೆ ಮುತ್ತಿಗೆ ನಡೆಯುತ್ತಿದ್ದಾಗ ಟಿಪ್ಪು ತನ್ನ ಸೇನಾನಿ ಬುರ್ಹಾನುದ್ದೀನನಿಗೆ ಬರೆಸಿದ ಪತ್ರಗಳು ಉಳಿದಿವೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಪತ್ರ ವ್ಯವಹಾರದ ಪುಸ್ತಕಗಳು ಕಂಪನಿಯವರ ಕೈಸೇರಿದವು. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವುಗಳಿಂದ ಆಯ್ದ ಪತ್ರಗಳನ್ನು ಪಾರಸಿಯಿಂದ ಇಂಗ್ಲಿಷಿಗೆ ತಂದು 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅನುವಾದಕ ಟಿಪ್ಪುವಿನ ಬಗ್ಗೆ ದ್ವೇಷವಿದ್ದವನು. ಅವನ ಟಿಪ್ಪಣಿಗಳನ್ನು ಎಚ್ಚರದಿಂದ ಓದಬೇಕು. ಹಾಗೆ ಓದಿದರೂ ಆ ಪುಸ್ತಕ ನರಗುಂದದ ಮಟ್ಟಿಗೆ ದಿನಚರಿಯಷ್ಟು ಹತ್ತಿರದ ದಾಖಲೆ. ಅದರಲ್ಲಿರುವ ನರಗುಂದದ ಪತ್ರಗಳನ್ನಷ್ಟೇ ಆರಿಸಿ ಕನ್ನಡಕ್ಕೆ ತಂದರೆ ಒಂದು ಒಳ್ಳೆಯ ಕಿರುಹೊತ್ತಿಗೆ ಆಗುತ್ತದೆ.

ಇದೇ ಯುದ್ಧದ ಇನ್ನೊಂದು ಮಗ್ಗುಲು ಮಿರಜಿನಲ್ಲಿತ್ತು. ಅಲ್ಲಿಯ ಶಾಲೆಯಲ್ಲಿ ಶಿಕ್ಷಕರಾಗಿದ್ದ ವಾಸುದೇವಶಾಸ್ತ್ರಿ ಖರೆ, ಮರಾಠಾ ಸರದಾರರಾದ ಪಟವರ್ಧನ ಮನೆತನದ ದಫ್ತರಗಳನ್ನು ಹಿಡಿದು ಕೂತು, 19ನೇ ಶತಮಾನದ ಕೊನೆಯಿಂದ ‘ಐತಿಹಾಸಿಕ ಲೇಖ ಸಂಗ್ರಹ’ವೆಂಬ ಮಾಲೆಯಲ್ಲಿ ಸಂಪುಟದ ಮೇಲೆ ಸಂಪುಟ ಹೊರತಂದರು. ಪುಣೆಯ ಪೇಶ್ವೆ ದಫ್ತರದಿಂದ ಗೋ.ಸ. ಸರದೇಸಾಯಿ 1930ರಿಂದ 34ರೊಳಗೆ 45 ಸಂಪುಟ ಸಂಪಾದಿಸಿದರು. ಅಚ್ಚಾದದ್ದು ಇಷ್ಟು. ಪುಣೆಯಲ್ಲಿ ‘ರುಮಾಲು’ ಎಂದು ಕರೆಯುವ ಬಟ್ಟೆಯ ಗಂಟುಗಳಲ್ಲಿ ಅಚ್ಚಾಗದೆ ಉಳಿದದ್ದು ಇದರ ಎಷ್ಟೋ ಪಟ್ಟು.

ಇಲ್ಲಿಗೆ ಬಂದಾಗ ಮೋಡಿ ಲಿಪಿಯ ಮಾತು ಎತ್ತಲೇಬೇಕು. ಮೊದಲು ಪುಟದ ಉದ್ದಕ್ಕೂ ತಲೆಗೆರೆ ಎಳೆದು, ಅದರ ಕೆಳಗೆ ಲೇಖನಿ ಎತ್ತದೆ ಬರೆಯುವ ಬರಹ ಅದು. ಪದ ಪದದ ನಡುವೆ ಜಾಗವಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ತಾರೀಖು ಅರಬ್ಬಿ ಎಣಿಕೆಯ ಸುಹೂರ್ ಸನ್ನಿನಲ್ಲಿರುತ್ತದೆ. ‘ಖಮಸ್ ಸಮಾನೀನ್ ಮಯಾ ವ ಅಲಫ್’ ಎಂದಿದ್ದರೆ ಐದು, ಎಂಬತ್ತು, ನೂರು, ಸಾವಿರ ಕೂಡಿಸಿ 1185. ಅದಕ್ಕೆ 599 ಅಥವಾ 600 ಸೇರಿಸಿದರೆ ಕ್ರಿಸ್ತಶಕ 1784-85, ನರಗುಂದದ ಮುತ್ತಿಗೆಯ ಕಾಲ. ಈ ಲೆಕ್ಕ ಗೊತ್ತಿಲ್ಲದವನಿಗೆ ಆ ಸಾಲು ಬರೀ ಮಂತ್ರ. ಗೊತ್ತಿದ್ದವನಿಗೆ ಇಡೀ ಕಾಗದದ ಬೆಲೆ ಆ ನಾಲ್ಕು ಪದದಲ್ಲೇ ತಿಳಿಯುತ್ತದೆ. ಮುಂಬಯಿ ಕರ್ನಾಟಕದಲ್ಲಿ ಸರಕಾರಿ ಲೆಕ್ಕಪತ್ರ ಬಹುಕಾಲ ಮರಾಠಿಯಲ್ಲೇ, ಮೋಡಿಯಲ್ಲೇ ನಡೆಯಿತು. ಹಾಗಾಗಿ ಕನ್ನಡ ನೆಲದ ಇತಿಹಾಸವನ್ನು ಓದಲು ಕನ್ನಡವೊಂದೇ ಸಾಲದು. ಮಹಾರಾಷ್ಟ್ರದಲ್ಲಿ ಮೋಡಿ ಕಲಿಸುವ ವರ್ಗಗಳು ನಡೆಯುತ್ತವೆ. ನಮ್ಮ ಕಡೆ ಹಾಗೆ ಕಲಿತವರನ್ನು ಬೆರಳಲ್ಲಿ ಎಣಿಸಬೇಕು. ಈ ಸೀಮೆಯ ಸಂಶೋಧನೆಗೆ ಹಣದ ಕೊರತೆಗಿಂತ ದೊಡ್ಡ ಕೊರತೆ ಇದೇ ಎಂಬುದು ನನ್ನ ಖಚಿತ ನಂಬಿಕೆ.

ಮೋಡಿ ಕಾಗದ ಪುಣೆಯಲ್ಲಷ್ಟೇ ಇಲ್ಲ. ನಮ್ಮ ಹಳ್ಳಿಗಳ ಕುಲಕರ್ಣಿ, ದೇಸಾಯಿ ಮನೆಗಳಲ್ಲೂ ಇದೆ. ಊರಿನ ಜಮಾಬಂದಿ, ಇನಾಮಿನ ಸನದು, ಭಾಗಪತ್ರ, ಸಾಲಪತ್ರ ಎಲ್ಲ ಒಂದೇ ಗಂಟಿನಲ್ಲಿ ಇರುತ್ತಿದ್ದವು. ಮುಂಬಯಿ ಸರಕಾರ 1950ರಲ್ಲಿ ಪರಗಣ ಹಾಗೂ ಕುಲಕರ್ಣಿ ವತನಗಳನ್ನು ಕಾಯ್ದೆಯಿಂದ ರದ್ದು ಮಾಡಿತು. ಅಧಿಕಾರ ಹೋದ ಮೇಲೆ ಕಾಗದಕ್ಕೂ ಮನೆಯಲ್ಲಿ ಬೆಲೆ ಹೋಯಿತು. ಅಟ್ಟಕ್ಕೆ ಏರಿದ ಗಂಟು ಮನೆ ಕೆಡವಿ ಕಟ್ಟುವಾಗ ಕೆಳಗಿಳಿದು ರದ್ದಿಗೆ ಹೋಗುತ್ತದೆ. ಒಂದು ಊರಿನಲ್ಲಿ 150 ವರ್ಷದ ಹಿಂದೆ ಯಾವ ಹೊಲ ಯಾರದಿತ್ತು, ಯಾವ ಬರದಲ್ಲಿ ಎಷ್ಟು ತೆರಿಗೆ ಬಿಟ್ಟರು ಎಂದು ಹೇಳುವ ಕಾಗದ ಹೀಗೆ ತೂಕದ ಲೆಕ್ಕದಲ್ಲಿ ಹೋಗುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನಾಮಿನ ಕಾಗದಕ್ಕೂ ನರಗುಂದದ ರಕ್ತಕ್ಕೂ ನೇರ ಸಂಬಂಧವಿದೆ. ಇನಾಮ್ ಕಮಿಷನ್ನಿನವರು ಮನೆ ಮನೆಯ ಸನದು ಕೇಳಿ, ದಾಖಲೆ ಸಾಲದೆಂದು ಭೂಮಿ ಕಿತ್ತುಕೊಂಡದ್ದು ದಕ್ಷಿಣ ಮರಾಠಾ ಸೀಮೆಯ ಸಿಟ್ಟಿಗೆ ದೊಡ್ಡ ಕಾರಣ. ಬಾಬಾಸಾಹೇಬನೆಂದು ಹೆಸರಾದ ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆಗೆ ದತ್ತು ತೆಗೆದುಕೊಳ್ಳಲು ಅಪ್ಪಣೆ ಸಿಗಲಿಲ್ಲ; ಅವನು ಬ್ರಿಟಿಷರ ವಿರುದ್ಧ ಬಂಡೆದ್ದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ಕಡೆಯವರಿಂದ ಕೊಲೆಯಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹಿಂದೆ ಇನಾಮ್ ಕಮಿಷನ್ನಿನಲ್ಲಿದ್ದವನೇ. ಜೂನ್ ಮೊದಲ ವಾರದಲ್ಲಿ ಕೋಟೆ ಬಿತ್ತು, ಊರು ಲೂಟಿಯಾಯಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಅವನನ್ನು ಗಲ್ಲಿಗೇರಿಸಿದವರೇ ಬರೆದಿಟ್ಟ ಇನ್ನೊಂದು ಸಂಗತಿ ಇದೆ. ಈ ಭಾಗದ ಸಂಸ್ಥಾನಿಕರಲ್ಲಿ ಬಾಬಾಸಾಹೇಬ ಬಹಳ ಬುದ್ಧಿವಂತ, ಅವನಲ್ಲಿ ಸಾವಿರಾರು ಸಂಪುಟಗಳ ಗ್ರಂಥಭಂಡಾರವಿತ್ತು. ಬಂಡಾಯದ ಲಾವಣಿ ಹಾಡುವ ನಾವು ಈ ಗ್ರಂಥಭಂಡಾರದ ಮಾತು ಆಡುವುದೇ ಇಲ್ಲ. ಲೂಟಿಯಾದ ಊರಿನ ಪುಸ್ತಕ ಒಂದೇ ಕಡೆ ಉಳಿಯುವುದಿಲ್ಲ. ಆದರೆ ಹಸ್ತಪ್ರತಿಗೆ ತನ್ನದೇ ಆದ ವಿಳಾಸವಿರುತ್ತದೆ. ಕೊನೆಯ ಪತ್ರದ ಪುಷ್ಪಿಕೆಯಲ್ಲಿ ಪ್ರತಿಕಾರ ಯಾವ ಸಂವತ್ಸರದಲ್ಲಿ, ಯಾವ ಊರಿನಲ್ಲಿ, ಯಾರಿಗಾಗಿ ಬರೆದೆನೆಂದು ಹೇಳುವುದು ವಾಡಿಕೆ. ಧಾರವಾಡ, ಪುಣೆ, ಮುಂಬಯಿ, ಲಂಡನ್ನಿನ ಸಂಸ್ಕೃತ ಹಸ್ತಪ್ರತಿ ಸೂಚಿಗಳನ್ನು ಕೃತಿಯ ಹೆಸರಿಗಾಗಿ ಓದುವ ಬದಲು ಪುಷ್ಪಿಕೆಯ ಊರಿಗಾಗಿ ಓದಿದರೆ ನರಗುಂದದ ಪುಸ್ತಕ ಪತ್ತೆಯಾಗುವ ದಾರಿ ತೆರೆಯುತ್ತದೆ. ಗಜೇಂದ್ರಗಡಕ್ಕೂ ಇದೇ ಮಾತು. ಆ ಊರಿನ ಹೆಸರು ಹೊತ್ತ ಗಜೇಂದ್ರಗಡಕರ ಮನೆತನ ಸಾತಾರದಲ್ಲಿ ನೆಲೆಸಿ ಸಂಸ್ಕೃತ ಪಾಂಡಿತ್ಯಕ್ಕೆ ಹೆಸರಾಯಿತು. 1964ರಿಂದ 66ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಬಿ. ಗಜೇಂದ್ರಗಡಕರ್ ಆ ಮನೆತನದವರು. ಪಂಡಿತ ಊರು ಬಿಟ್ಟರೆ ಅವನ ಹೊತ್ತಿಗೆಯೂ ಬೆನ್ನಿಗೇ ಹೋಗುತ್ತದೆ.

ರೋಣದ ಕಡೆ ತಿರುಗಿದರೆ ಮಾತು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. 1031ರಲ್ಲಿ ಕನ್ನಡ ಪಂಚತಂತ್ರ ಬರೆದ ದುರ್ಗಸಿಂಹ ತನ್ನ ಊರನ್ನು ಕಿಸುಕಾಡು ನಾಡಿನ ಸಯ್ಯಡಿ ಎಂದು ಹೇಳಿಕೊಂಡಿದ್ದಾನೆ. ವಿದ್ವಾಂಸರು ಅದನ್ನು ರೋಣ ತಾಲ್ಲೂಕಿನ ಸವಡಿ ಎಂದು ಗುರುತಿಸಿದ್ದಾರೆ. ತಾನು ಅನುಸರಿಸಿದ್ದು ಎಲ್ಲರಿಗೂ ಗೊತ್ತಿರುವ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗನದ್ದನ್ನು ಎಂದು ಅವನೇ ಹೇಳುತ್ತಾನೆ. ಬಹುಕಾಲ ಅದನ್ನು ಕವಿಯ ಮಾತೆಂದು ಓದಿ ಬಿಟ್ಟವರೇ ಹೆಚ್ಚು. 20ನೇ ಶತಮಾನದಲ್ಲಿ ಎ. ವೆಂಕಟಸುಬ್ಬಯ್ಯನವರು ಆ ಮಾತನ್ನು ನಂಬಿ ಹುಡುಕಿದರು. ಜಾವಾದ ತಂತ್ರಿ ಕಥೆಗಳ ಜೊತೆ, ಆಗ್ನೇಯ ಏಷ್ಯಾದ ಇತರ ಪಾಠಗಳ ಜೊತೆ ಹೋಲಿಸಿದಾಗ ಅವೆಲ್ಲ ಇದೇ ವಸುಭಾಗನ ಕವಲಿಗೆ ಸೇರಿದವೆಂದು ತೋರಿತು. ಸಂಸ್ಕೃತ ಮೂಲ ಕೈಗೆ ಸಿಗದ ಒಂದು ಇಡೀ ಸಂಪ್ರದಾಯಕ್ಕೆ ಸವಡಿಯವನ ಕನ್ನಡ ಪುಸ್ತಕ ಸಾಕ್ಷಿಯಾಗಿ ನಿಂತಿತು. ಪುಸ್ತಕ ಅಚ್ಚಾಗಿ ಕಪಾಟಿನಲ್ಲೇ ಇತ್ತು. ಬೇಕಾಗಿದ್ದದ್ದು ಆ ಒಂದು ಸಾಲನ್ನು ಗಂಭೀರವಾಗಿ ತೆಗೆದುಕೊಂಡ ಓದುಗ.

ಮೈಸೂರಿನಲ್ಲೂ ನಡೆದದ್ದು ಅದೇ. ತಂಜಾವೂರು ಕಡೆಯ ಪಂಡಿತರೊಬ್ಬರು ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟ ಗ್ರಂಥಲಿಪಿಯ ಓಲೆಕಟ್ಟನ್ನು 1905ರಲ್ಲಿ ಓದಿ, ಇದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದವರು ಅಲ್ಲಿಯ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ನಮ್ಮ ಸೀಮೆಗೆ ಇನ್ನೂ ಹತ್ತಿರದ ಮಾದರಿ ಫ.ಗು. ಹಳಕಟ್ಟಿಯವರದು. ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ಮನೆ ಮನೆ, ಮಠ ಮಠ ತಿರುಗಿ, ದೇವರ ಜಗುಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಪೂಜೆಗೆ ಕೂತಿದ್ದ ಓಲೆಕಟ್ಟುಗಳನ್ನು ಕೇಳಿ ಪಡೆದು, 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ತಂದರು. ಪೂಜೆ ಮಾಡಿದವರಿಂದ ಕಟ್ಟು ಉಳಿಯಿತು ಎಂಬುದನ್ನೂ ಮರೆಯಬಾರದು. ಮಹಾನವಮಿಗೊಮ್ಮೆ ಕುಂಕುಮ ಏರಿಸಿದ ಕೈಗಳಿಗೆ ನಾವು ಋಣಿಗಳು. ಬಿಚ್ಚಿ ಓದುವವರೂ ಬಂದಾಗ ಆ ಉಳಿವಿಗೆ ಫಲ ಸಿಗುತ್ತದೆ.

ಓಲೆಗರಿಯಲ್ಲೂ ಅಚ್ಚಿನ ಪುಸ್ತಕದಲ್ಲೂ ಒಂದೇ ಬಗೆಯ ಮರೆವು ಕೆಲಸ ಮಾಡುತ್ತದೆ. ಒಂದು ಕಟ್ಟಿನಲ್ಲಿ ನಾಲ್ಕೈದು ಕೃತಿ ಇದ್ದರೆ ಸೂಚಿಕಾರ ಮೊದಲನೆಯದರ ಹೆಸರು ಬರೆದು ಮುಂದೆ ಹೋಗುತ್ತಾನೆ. ಹಳೆಯ ಗ್ರಂಥಾಲಯಗಳಲ್ಲಿ ಒಂದೇ ರಟ್ಟಿನೊಳಗೆ ಹೊಲಿದಿಟ್ಟ ಕಲ್ಲಚ್ಚಿನ ಕಿರುಪುಸ್ತಕಗಳ ಪಾಡೂ ಇಷ್ಟೇ. ರಿಜಿಸ್ಟರಿನಲ್ಲಿ ಒಂದು ನಂಬರು, ಒಳಗೆ ಬಯಲಾಟ, ತತ್ತ್ವಪದ, ಪಂಚಾಂಗ, ಜಾತ್ರೆಯ ಹಾಡು. ಮೊದಲ ಪುಟದಲ್ಲೇ ನಿಲ್ಲದೆ ಕೊನೆಯ ಪುಟದವರೆಗೆ ತಿರುವಿ ನೋಡುವ ಗ್ರಂಥಪಾಲಕನೇ ನಿಜವಾದ ಶೋಧಕ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ಅಲ್ಲಿಯ ಘಟಿಕಾಸ್ಥಾನಕ್ಕೆ, ಅಂದರೆ ವಿದ್ಯಾಕೇಂದ್ರಕ್ಕೆ, ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ಹೇಳಿದೆ. ಸಾವಿರ ವರ್ಷದ ಹಿಂದೆಯೇ ಪುಸ್ತಕ ಕಾಯುವವರಿಗೆ ದತ್ತಿ ಬಿಟ್ಟ ನಾಡು ಇದು. ಈಗ ಎಷ್ಟೋ ಗ್ರಂಥಾಲಯಗಳಲ್ಲಿ ಒಬ್ಬರೇ ಬೀಗ ತೆಗೆದು, ಕಸ ಗುಡಿಸಿ, ಪತ್ರಿಕೆ ಹರಡಿ, ಲೆಕ್ಕ ಬರೆಯಬೇಕು. ಅವರಿಂದ ಸೂಚಿಯನ್ನೂ ಬಯಸುವುದು ನ್ಯಾಯವಲ್ಲ.

ಅಚ್ಚಾದ ಪುಸ್ತಕಗಳಿಗೆ ಒಂದು ಉಪಕಾರ ಸರಕಾರವೇ ಮಾಡಿಟ್ಟಿದೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಪ್ರಾಂತ ಮೂರು ತಿಂಗಳಿಗೊಮ್ಮೆ ಅಚ್ಚಾದ ಪುಸ್ತಕಗಳ ಪಟ್ಟಿ ಪ್ರಕಟಿಸಬೇಕಿತ್ತು. ಪುಸ್ತಕದ ಹೆಸರು, ಬರೆದವರು, ಅಚ್ಚುಕೂಟ, ಪುಟ, ಎಷ್ಟು ಪ್ರತಿ, ಕಲ್ಲಚ್ಚೋ ಮೊಳೆಯಚ್ಚೋ, ಬೆಲೆ ಎಷ್ಟು, ಎಲ್ಲ ಅದರಲ್ಲಿದೆ. ಮುಂಬಯಿ ಪ್ರಾಂತದ ಈ ಪಟ್ಟಿಗಳಿಂದ ಕನ್ನಡ ಪುಸ್ತಕಗಳನ್ನಷ್ಟೇ ಹೆಕ್ಕಿದರೆ, ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಗದಗಿನಲ್ಲಿ ಅಚ್ಚಾಗಿ ಇಂದು ಮರೆತುಹೋದ ಹೊತ್ತಿಗೆಗಳ ಹೆಸರುಗಳಾದರೂ ಕೈಗೆ ಬರುತ್ತವೆ. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಕನ್ನಡ ಪುಸ್ತಕಗಳ ಸೂಚಿಯನ್ನು ಬಾರ್ನೆಟ್ 1910ರಲ್ಲೇ ಪ್ರಕಟಿಸಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸಕ್ಕೆ ಒಬ್ಬ ಪಿಎಚ್.ಡಿ. ವಿದ್ಯಾರ್ಥಿ ಸಾಕು. ವಾಲ್ಟರ್ ಎಲಿಯಟ್ ಧಾರವಾಡದಲ್ಲಿದ್ದಾಗ ಪ್ರತಿ ಮಾಡಿಸಿದ 595 ಶಾಸನಗಳ ಕೈಬರಹದ ಸಂಪುಟಗಳನ್ನೂ ಹೀಗೇ ಊರುವಾರು ಬಿಡಿಸಿ ನೋಡಬೇಕು. ಕಲ್ಲು ಒಡೆದು ಗೋಡೆಗೆ ಸೇರಿದ ಕಡೆ ಆ ಪ್ರತಿಯೇ ಆಧಾರ.

ಹೊಳೆಆಲೂರು ರೋಣ ತಾಲ್ಲೂಕಿನ ಊರು. ‘ಕರ್ನಾಟಕ ಗತವೈಭವ’ ಬರೆದ ಆಲೂರು ವೆಂಕಟರಾಯರ ಪೂರ್ವಜರ ಊರು ಅದು. ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ರಂ.ಶ್ರೀ. ಮುಗಳಿಯವರು ಹುಟ್ಟಿದ್ದೂ ಅಲ್ಲೇ. ಏಕೀಕರಣಕ್ಕಾಗಿ 1953ರಲ್ಲಿ ಉಪವಾಸ ಕೂತ ಅಂದಾನಪ್ಪ ದೊಡ್ಡಮೇಟಿಯವರ ಜಕ್ಕಲಿಯೂ ಇದೇ ತಾಲ್ಲೂಕು. ನಾಡಿನ ನೆನಪನ್ನು ಕಟ್ಟಿಕೊಟ್ಟವರ ಸೀಮೆಯಲ್ಲಿ ನಿನ್ನೆಯ ಕಾಗದಕ್ಕೆ ಕಾವಲಿಲ್ಲ. ಏಕೀಕರಣದ ಕರಪತ್ರ, ಸಭೆಯ ಜಾಹೀರಾತು, ಊರೂರಿನಿಂದ ಹೋದ ಮನವಿ ಇವನ್ನೆಲ್ಲ ಅಗ್ಗದ ಕಾಗದದ ಮೇಲೆ ಅಚ್ಚು ಹಾಕಿಸಿದ್ದರು. 1980ರ ಜುಲೈ 21ರ ನರಗುಂದದ ರೈತ ಬಂಡಾಯದ ಕಾಗದಗಳ ಸ್ಥಿತಿ ಇನ್ನೂ ನಾಜೂಕು. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ನೋಟಿಸು, ಪ್ರತಿಭಟನೆಯ ಕರೆ, ಕೋರ್ಟಿನ ಸಮನ್ಸು ಇನ್ನೂ ಮನೆಗಳ ಟ್ರಂಕಿನಲ್ಲಿ ಸಿಗಬಹುದಾದ ವಸ್ತುಗಳು. ಇವಕ್ಕೆ ‘ಐತಿಹಾಸಿಕ’ ಎಂಬ ಮರ್ಯಾದೆ ಬರುವಷ್ಟರಲ್ಲಿ ಕಾಗದ ಪುಡಿಯಾಗಿರುತ್ತದೆ. ನನ್ನ ಕೇಳಿದರೆ ಕೊಣ್ಣೂರಿನ ಕಲ್ಲಿಗಿಂತ ಈ ನೋಟಿಸಿಗೆ ಹೆಚ್ಚು ಅವಸರವಿದೆ.

ಸ್ಕ್ಯಾನ್ ಮಾಡಿದರೆ ಮುಗಿಯಿತೆಂಬ ಭಾವನೆ ಈಗ ಬೆಳೆದಿದೆ. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಜ್’ ಬಳಗ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವಿಗೆ ಸೇರಿಸುತ್ತಿರುವುದು ಬೆಲೆ ಕಟ್ಟಲಾಗದ ಸೇವೆ. ಹಳ್ಳಿಯ ಹುಡುಗ ಮೊಬೈಲಿನಲ್ಲಿ ನೂರು ವರ್ಷದ ಪುಸ್ತಕ ತೆರೆಯಬಲ್ಲ. ಆದರೆ ಚಿತ್ರದ ಜೊತೆ ಸರಿಯಾದ ಹೆಸರು, ಕರ್ತೃ, ವರ್ಷ, ಯಾರ ಸಂಗ್ರಹದಿಂದ ಬಂತು ಎಂಬ ವಿವರ ಇಲ್ಲದಿದ್ದರೆ ಅಟ್ಟದ ಕತ್ತಲೆಯಿಂದ ಇನ್ನೊಂದು ಕತ್ತಲೆಗೆ ಹೋದಂತೆಯೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಗದಗಿನ ತೋಂಟದಾರ್ಯ ಮಠದ ವೀರಶೈವ ಅಧ್ಯಯನ ಸಂಸ್ಥೆ, ಮೂರೂ ಈ ಸೀಮೆಗೆ ದೂರವಲ್ಲ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ‘ಅರಿವು ಕೇಂದ್ರ’ವೆನಿಸಿದ ಪಂಚಾಯತಿ ಗ್ರಂಥಾಲಯಗಳು ಊರೂರಲ್ಲಿವೆ. ಮೇಲಿನ ವಿದ್ವತ್ತು, ಕೆಳಗಿನ ಬಾಗಿಲು ಎರಡೂ ಇದ್ದು ನಡುವೆ ಮೆಟ್ಟಿಲಿಲ್ಲ. ಮೂರು ತಾಲ್ಲೂಕಿಗೆ ಸೇರಿ ಮೋಡಿ ಮತ್ತು ಹಳಗನ್ನಡ ಲಿಪಿ ಬಲ್ಲ ಇಬ್ಬರು, ಒಂದು ವಾಹನ, ಒಂದು ಕ್ಯಾಮರಾ ಕೊಟ್ಟರೆ ಆ ಮೆಟ್ಟಿಲು ಕಟ್ಟಬಹುದು. ಮಠದವರು, ಮನೆಯವರು ಮೂಲ ಕಾಗದವನ್ನು ಕೈಬಿಡಬೇಕಾಗಿಲ್ಲ. ಚಿತ್ರ ತೆಗೆದು, ಪಟ್ಟಿ ಬರೆದು, ಗಂಟನ್ನು ಅವರ ಎದುರೇ ಕಟ್ಟಿ ಕೊಟ್ಟರೆ ನಂಬಿಕೆ ಉಳಿಯುತ್ತದೆ. ಪಡೆದದ್ದನ್ನು ತಿರುಗಿ ಕೊಡದ ಸಂಶೋಧಕರಿಂದ ಈ ಕೆಲಸಕ್ಕೆ ಆದಷ್ಟು ಕೇಡು ಗೆದ್ದಲಿನಿಂದಲೂ ಆಗಿಲ್ಲ.

ಈ ಸೀಮೆಯ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲಿ ಹಳೆಯ ಗಂಟು ಇದ್ದರೆ ರದ್ದಿಗೆ ಹಾಕಬೇಡಿ, ಹೊಳೆಗೆ ಬಿಡಬೇಡಿ. ಓಲೆಗರಿಗೆ ಎಣ್ಣೆ ಹಚ್ಚಲು, ಹರಿದ ಕಾಗದಕ್ಕೆ ಪ್ಲಾಸ್ಟಿಕ್ ಟೇಪು ಅಂಟಿಸಲು ಹೋಗಬೇಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಇದು ಯಾರ ಮನೆಯದು, ಯಾವ ಊರಿನದು, ಯಾರಿಂದ ಬಂತು ಎಂದು ಒಂದು ಚೀಟಿ ಬರೆದು ಒಳಗಿಡಿ. ಆಮೇಲೆ ಹತ್ತಿರದ ಕಾಲೇಜಿನ ಇತಿಹಾಸ ಅಥವಾ ಕನ್ನಡ ಅಧ್ಯಾಪಕರಿಗೆ ಒಂದು ಮಾತು ಹೇಳಿ.